ಮೊದಲು ಅಳತೆ, ಆಮೇಲೆ ವೇಗ

— ಅಂತಿಮ ಬಿ.ಎ. ವಿದ್ಯಾರ್ಥಿ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಕಾರಿನ ಇಂಜಿನ್ನಿನ ವಿಷಯವಾಗಿ ಬರೆಯಹೊರಟುದನ್ನು ಕಂಡು ವಾಚಕ ಮಿತ್ರರು ನಗಬಹುದು. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನಿಗೆ ಟರ್ಬೊದ ಗೊಡವೆ ಏಕೆಂದು ಕೇಳಲೂಬಹುದು. ನನ್ನ ಉತ್ತರವಿಷ್ಟೇ: ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಮೆಟ್ಟಿಲು ಹತ್ತಲು ಹಣ ಒದಗಿದುದು ಕಾಪುವಿನ ಹೆದ್ದಾರಿಯ ಬದಿಯ ಗ್ಯಾರೇಜೊಂದರಲ್ಲಿ ನನ್ನ ತಂದೆಯವರು ಸ್ಪ್ಯಾನರ್ ಹಿಡಿದು ದುಡಿದುದರಿಂದ. ರಜೆಯ ದಿನಗಳಲ್ಲಿ ನಾನೂ ಅಲ್ಲಿ ಕೈ ಮಸಿ ಮಾಡಿಕೊಂಡವನೇ.

ಕಳೆದ ವರ್ಷ ಕಾರ್ಕಳದ ಕಡೆಯ ತರುಣನೊಬ್ಬನ ಕಾರನ್ನು ಅಲ್ಲಿಗೆ ಎಳೆದು ತಂದರು. ಟರ್ಬೊ ಇರುವ ಪೆಟ್ರೋಲ್ ಕಾರು. ಬ್ಯಾಂಕಿನ ಸಾಲದಲ್ಲಿ ಕೊಂಡದ್ದು. ಶಕ್ತಿ ಸಾಲದೆಂದು ಅವನು ಎಲ್ಲಿಯೋ ಹಣ ತೆತ್ತು ಇಂಜಿನ್ ಕಂಪ್ಯೂಟರಿನ ಲೆಕ್ಕವನ್ನು ಬದಲಿಸಿ, ಟರ್ಬೊದ ಗಾಳಿಯೊತ್ತಡವನ್ನು ಏರಿಸಿಕೊಂಡಿದ್ದ. ಕೆಲವು ವಾರ ಕಾರು ಗಾಳಿಯಂತೆ ಓಡಿತು. ಒಂದು ದಿನ ಮಾಳದಿಂದ ಕುದುರೆಮುಖದ ಕಡೆಗೆ ಘಟ್ಟ ಹತ್ತುವಾಗ ಇಂಜಿನ್ ಕಟಕಟ ಸದ್ದು ಮಾಡಿತು, ಹೊಗೆ ಕಾರಿತು, ನಿಂತಿತು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಅಂಚು ಒಡೆದಿತ್ತು. ಒತ್ತಡ ಎಷ್ಟಿತ್ತೆಂದು ತಂದೆಯವರು ಕೇಳಿದರು. ಅವನಿಗೆ ತಿಳಿದಿರಲಿಲ್ಲ. “ಮುಳ್ಳು ನೋಡದೆ ಗಾಳಿ ಏರಿಸುವುದುಂಟಾ ಮಾರಾಯ?” ಎಂದಷ್ಟೇ ಅವರು ಹೇಳಿದರು. ಕಾರು ನಿಂತರೂ ಸಾಲದ ಕಂತು ನಿಲ್ಲಲಿಲ್ಲ.

ಟರ್ಬೊ ಎಂಬುದು ಮಂತ್ರವಲ್ಲ. ಕುಲುಮೆಯ ತಿದಿ ಬೆಂಕಿಗೆ ಗಾಳಿಯೂದುವಂತೆ ಇದು ಇಂಜಿನ್ನಿಗೆ ಗಾಳಿಯೂದುತ್ತದೆ. ವ್ಯತ್ಯಾಸವೇನೆಂದರೆ ಈ ತಿದಿಯನ್ನು ಒತ್ತುವುದು ಕೈಯಲ್ಲ, ಇಂಜಿನ್ ಹೊರಗೆ ಚೆಲ್ಲುವ ಹೊಗೆಯೇ. ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಇಂಜಿನಿಯರು 1905ರಲ್ಲಿಯೇ ಈ ವಿಚಾರಕ್ಕೆ ಪೇಟೆಂಟ್ ಪಡೆದರು. ಗಾಳಿ ಹೆಚ್ಚಿದಷ್ಟೂ ಇಂಧನ ಹೆಚ್ಚು ಉರಿಯಬಲ್ಲದು, ಶಕ್ತಿಯೂ ಹೆಚ್ಚುತ್ತದೆ. ಆದರೆ ಹೊಗೆ ಹೆಚ್ಚಿದರೆ ಚಕ್ರ ಇನ್ನೂ ವೇಗವಾಗಿ ತಿರುಗಿ ಮತ್ತಷ್ಟು ಗಾಳಿಯೂದುತ್ತದೆ. ತಡೆಯುವವರಿಲ್ಲದಿದ್ದರೆ ಇದಕ್ಕೆ ಕೊನೆಯೆಲ್ಲಿ?

ಆದುದರಿಂದಲೇ ವೇಸ್ಟ್‌ಗೇಟ್ ಎಂಬ ಬಾಗಿಲನ್ನು ಇಟ್ಟಿದ್ದಾರೆ. ಒತ್ತಡ ಮಿತಿ ಮುಟ್ಟಿದೊಡನೆ ಅದು ತೆರೆದು, ಹೊಗೆಯ ಒಂದು ಪಾಲನ್ನು ಚಕ್ರಕ್ಕೆ ತಾಗದಂತೆ ಪಕ್ಕಕ್ಕೆ ಬಿಡುತ್ತದೆ. ಕುಚ್ಚಲಕ್ಕಿ ಬೇಯುವ ಕುಕ್ಕರಿನ ಮುಚ್ಚಳದ ಮೇಲೆ ತೂಕವಿರುತ್ತದೆಯಲ್ಲ, ಇದೂ ಹಾಗೆಯೇ. ಅಳತೆಯಿಲ್ಲದೆ ಒತ್ತಡ ಏರಿಸುವವನು ಆ ತೂಕದ ಮೇಲೆ ಕಲ್ಲು ಹೇರುವವನಿಗೆ ಸಮಾನ. ಮಿತಿ ಮೀರಿ ಒತ್ತಿದ ಗಾಳಿ ಕಾಯುತ್ತದೆ. ಆಗ ಪೆಟ್ರೋಲು ಸಮಯವಲ್ಲದ ಸಮಯದಲ್ಲಿ ತಾನಾಗಿಯೇ ಸಿಡಿಯುತ್ತದೆ. ಮೆಕ್ಯಾನಿಕರು ನಾಕಿಂಗ್ ಎನ್ನುವುದು ಇದನ್ನೇ. ಪಿಸ್ಟನ್ ಒಡೆಯುವುದು ಈ ಸುತ್ತಿಗೆಯೇಟಿನಿಂದ.

ಇಷ್ಟಾಗಿ ಒತ್ತಡವನ್ನು ನೋಡುವುದು ಕಷ್ಟವೇ? ಇಲ್ಲ. ಮುಳ್ಳಿನ ಮಾಪಕವನ್ನು ಕೂರಿಸಬಹುದು. ಇಲ್ಲವೆ ಕಾರಿನ ಓಬಿಡಿ ಕಿಂಡಿಗೆ ಸಣ್ಣ ಸಾಧನವನ್ನು ಸಿಕ್ಕಿಸಿ ಮೊಬೈಲಿನಲ್ಲೇ ಓದಬಹುದು. ಓದಲು ಮಾತ್ರ ಬರಬೇಕು. ಮುಳ್ಳಿನ ಮಾಪಕ ಸಾಮಾನ್ಯವಾಗಿ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚೆಂಬುದನ್ನು ತೋರಿಸುತ್ತದೆ. ಕಾರಿನ ಸೆನ್ಸರ್ ಒಟ್ಟು ಒತ್ತಡವನ್ನು ಹೇಳುತ್ತದೆ. ಕಾಪುವಿನ ಕಡಲ ದಂಡೆಯಲ್ಲಿ ಮುಳ್ಳು 1 ಬಾರ್ ತೋರಿದರೆ ಒಟ್ಟು ಒತ್ತಡ ಸುಮಾರು 2 ಬಾರ್. ಘಟ್ಟದ ಮೇಲೆ ಹೊರಗಿನ ಗಾಳಿ ತೆಳುವಾಗಿರುವುದರಿಂದ ಅದೇ ಒಟ್ಟು ಒತ್ತಡಕ್ಕಾಗಿ ಟರ್ಬೊ ಇನ್ನಷ್ಟು ತಿರುಗಬೇಕು. ಮುಳ್ಳು ಮಿತಿಯಾಚೆ ಹಾರಿ ಹಿಂದಿರುಗಿದರೆ ಹತೋಟಿ ಸಡಿಲವಾಗಿದೆಯೆಂದು ಅರ್ಥ. ಏರಬೇಕಾದಷ್ಟು ಏರದಿದ್ದರೆ ಎಲ್ಲಿಯೋ ಗಾಳಿಯ ಕೊಳವೆ ಸೀಳಿರಬಹುದು. ಕಡಮೆಯೂ ಎಚ್ಚರಿಕೆಯೇ.

“ಮಿತಿಯೆಂಬುದು ಹೆದರುವವರಿಗೆ, ಸ್ಪರ್ಧೆಯವರಿಗೆ ಮಿತಿಯೆಲ್ಲಿ?” ಎನ್ನುವ ಗೆಳೆಯರಿದ್ದಾರೆ. ಈ ಮಾತು ನಿಜವಲ್ಲ. ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ ಟರ್ಬೊ ಒತ್ತಡಕ್ಕೆ 1987ರಲ್ಲಿ 4 ಬಾರ್, 1988ರಲ್ಲಿ 2.5 ಬಾರ್ ಎಂದು ಮಿತಿ ಹಾಕಿದರು. ಆ ಬಿಗಿಯಾದ ಮಿತಿಯ ವರ್ಷದಲ್ಲಿಯೇ ಹೋಂಡಾ ಟರ್ಬೊ ಇಂಜಿನ್ನಿನ ಮೆಕ್‌ಲಾರೆನ್ ಕಾರುಗಳು 16 ಸ್ಪರ್ಧೆಗಳಲ್ಲಿ 15ನ್ನು ಗೆದ್ದವು. ಅಷ್ಟು ದೂರವೇಕೆ, ನಮ್ಮ ಮಣಿಪಾಲದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಫಾರ್ಮುಲಾ ಮಣಿಪಾಲ್ ಎಂಬ ತಂಡ ಕಟ್ಟಿ ಸ್ಪರ್ಧೆಯ ಕಾರುಗಳನ್ನು ತಯಾರಿಸಿದ್ದಾರೆ. ಅಂಥ ವಿದ್ಯಾರ್ಥಿ ಸ್ಪರ್ಧೆಗಳ ನಿಯಮದಂತೆ ಪೆಟ್ರೋಲ್ ಇಂಜಿನ್ ಉಸಿರಾಡಬೇಕಾದುದು 20 ಮಿಲಿಮೀಟರ್ ಅಗಲದ, ಸುಮಾರು ಒಂದು ನಾಣ್ಯದಷ್ಟು ರಂಧ್ರದ ಮೂಲಕ. ಟರ್ಬೊ ಇಟ್ಟರೂ ಅದರಾಚೆಗೇ ಇಡಬೇಕು. ಮಿತಿಯೊಳಗೆ ಗೆಲ್ಲುವುದೇ ಜಾಣ್ಮೆ.

ಇನ್ನು ಕಾನೂನಿನ ಮಾತು. ತಯಾರಕರು ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲಿಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಆದರೆ ಕಾನೂನಿನ ಭಯಕ್ಕಿಂತ ಹೆಚ್ಚಿನ ಕಾರಣವೊಂದಿದೆ. ಉಡುಪಿಯಿಂದ ಕಾಪುವಿನವರೆಗಿನ ಹೆದ್ದಾರಿ ಸ್ಪರ್ಧೆಯ ಅಂಗಣವಲ್ಲ. ಅದನ್ನು ಶಾಲೆಯ ಮಕ್ಕಳು ದಾಟುತ್ತಾರೆ. ಮೀನಿನ ಬುಟ್ಟಿ ಹೊತ್ತ ತಾಯಂದಿರು ದಾಟುತ್ತಾರೆ. ಏರಿಸಿದ ಒತ್ತಡದ ಬೆಲೆಯನ್ನು ತೆರುವವರು ಕಾರಿನೊಳಗಿನವರು ಮಾತ್ರವೇ ಆಗಿರಬೇಕೆಂದೇನೂ ಇಲ್ಲ.

ವೇಗವನ್ನು ಪ್ರೀತಿಸುವುದು ತಪ್ಪೆಂದು ನಾನು ಹೇಳುವವನಲ್ಲ; ನನಗೂ ಇಪ್ಪತ್ತೇ ವಯಸ್ಸು. ಆದರೆ ಇಂಜಿನ್ನಿನ ಅಂಕಿಗಳನ್ನು ಓದುವುದು ಇಂಜಿನಿಯರರ ಕೆಲಸ ಮಾತ್ರ ಎಂಬ ಭಾವನೆ ನಮ್ಮಿಂದ ತೊಲಗಬೇಕು. ಕಾರು ಕೊಳ್ಳುವವರು ನಾವು, ಓಡಿಸುವವರು ನಾವು, ಸಾಲ ತೀರಿಸುವವರೂ ನಾವೇ. ಏಳನೆಯ ತರಗತಿಗೆ ಶಾಲೆ ಬಿಟ್ಟ ನನ್ನ ತಂದೆಯವರಿಗೆ ತಿಳಿದ ಈ ಮಾತು ಪದವೀಧರರಾಗುವ ನಮಗೆ ತಿಳಿಯದೆ ಹೋದರೆ ನಮ್ಮ ಓದಿಗೆ ಏನು ಬೆಲೆ? ಶಕ್ತಿಯನ್ನು ಕೇಳುವ ಮೊದಲು ಅದನ್ನು ಅಳೆಯಲು ಕಲಿಯೋಣ. ಇದೇ ನನ್ನ ಸಹಪಾಠಿಗಳಲ್ಲಿ ನನ್ನ ವಿನಂತಿ.