ಕಲಗಚ್ಚು ಪೈಪಿಗಲ್ಲ

ಮಕ್ಕಳೇ, ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಹಿಂದೆ ಎಲ್ಲಿಗೆ ಹೋಗುತ್ತಿತ್ತು ಎಂದು ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಅಜ್ಜಿಯಾದರೆ "ಕಲಗಚ್ಚಿನ ಬಾನಿಗೆ" ಎನ್ನುತ್ತಾರೆ. ಅಲ್ಲಿಂದ ಅದು ಕೊಟ್ಟಿಗೆಯ ದನಗಳಿಗೆ. ಬಚ್ಚಲ ನೀರು ಹಿತ್ತಿಲಿನ ಬಾಳೆ, ಕೆಸುವಿನ ಬುಡಕ್ಕೆ. ಪೈಪೇ ಇಲ್ಲದ ಮೇಲೆ ಕಟ್ಟಿಕೊಳ್ಳುವುದೇನು?

ಈಗ ಎಷ್ಟೋ ಮನೆಗಳಲ್ಲಿ ದನವಿಲ್ಲ, ಸಿಂಕು ಇದೆ. ಬಾನಿಗೆ ಹೋಗಬೇಕಾದದ್ದು ಪೈಪಿಗೆ ಹೋಗುತ್ತಿದೆ.

ಪೈಪು ಕಟ್ಟುವುದು ಹೇಗೆ? ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಹೆಪ್ಪುಗಟ್ಟಿರುತ್ತದಲ್ಲ? ಸುಮಾರು 24 ಡಿಗ್ರಿಗಿಂತ ತಂಪಾದರೆ ಅದು ಗಟ್ಟಿಯಾಗುತ್ತದೆ. ಪೈಪಿನೊಳಗೂ ಹಾಗೆಯೇ. ಬಿಸಿಯಾಗಿ ಇಳಿದ ಜಿಡ್ಡು ತಣ್ಣಗಾಗಿ ಗೋಡೆಗೆ ಅಂಟುತ್ತದೆ. ಅದಕ್ಕೆ ಕಾಫಿ ಚರಟ, ಅನ್ನದ ಅಗುಳು ಸೇರುತ್ತವೆ. ಬಚ್ಚಲಲ್ಲಾದರೆ ಕೂದಲು ಮತ್ತು ಸೋಪಿನ ಜಿಡ್ಡು. ಹಲಸಿನ ಕಾಲದಲ್ಲಂತೂ ಮೇಣ! ಅದು ನೀರಿನಲ್ಲಿ ಕರಗುವುದೇ ಇಲ್ಲ. ಕತ್ತಿಯ ಮೇಣವನ್ನು ಎಣ್ಣೆ ಸವರಿ ಕಾಗದದಿಂದ ಒರೆಸಿ, ಆಮೇಲೆ ತೊಳೆಯಬೇಕು.

ಸಿಂಕಿನ ಕೆಳಗೆ ಬಗ್ಗಿದ ಪೈಪು ನೋಡಿದ್ದೀರಾ? ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತು, ಒಳಗಿನ ದುರ್ವಾಸನೆ ಮೇಲೆ ಬಾರದಂತೆ ತಡೆಯುತ್ತದೆ. ಇಂಥ ಬಾಗನ್ನು ಬಳಸಿದ ಶೌಚಾಲಯಕ್ಕೆ 1775ರಲ್ಲಿ ಪೇಟೆಂಟ್ ಪಡೆದವರು ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕರು. ಕಸ ಹೆಚ್ಚಾಗಿ ಸಿಕ್ಕಿಕೊಳ್ಳುವುದೂ ಅಲ್ಲೇ. ದೊಡ್ಡವರು ಕೆಳಗೆ ಬಕೆಟ್ ಇಟ್ಟು ಅದನ್ನು ಬಿಚ್ಚಿ ತೊಳೆದರೆ ಎಷ್ಟೋ ಸಲ ನೀರು ಸರಾಗವಾಗಿ ಇಳಿಯುತ್ತದೆ. ಕಟ್ಟಿದ್ದು ಇನ್ನೂ ದೂರದಲ್ಲಿದ್ದರೆ ಪ್ಲಂಬರ್ ಉದ್ದನೆಯ ಸ್ಪ್ರಿಂಗ್ ತಂತಿ ಹಾಕಿ ತೆಗೆಯುತ್ತಾರೆ. ಆದರೆ ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದೂ ಒಟ್ಟಿಗೆ ಸುರಿಯಬಾರದು. ಅದರಿಂದ ಕ್ಲೋರಿನ್ ಎಂಬ ವಿಷಾನಿಲ ಏಳುತ್ತದೆ.

ಇನ್ನೊಂದು ಮಾತು ದೊಡ್ಡವರಿಗೆ. ಶೌಚದ ಗುಂಡಿ ತುಂಬಿದರೆ ಯಾರನ್ನೂ ಒಳಗೆ ಇಳಿಸಬೇಡಿ. ಒಳಗಿನ ಅನಿಲ ಕ್ಷಣದಲ್ಲಿ ಪ್ರಾಣ ತೆಗೆಯಬಲ್ಲದು. ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸುವುದನ್ನು 2013ರ ಕಾನೂನು ಅಪರಾಧ ಎನ್ನುತ್ತದೆ. ಪಂಚಾಯಿತಿಯಲ್ಲಿ ವಿಚಾರಿಸಿ, ಹೀರುವ ಯಂತ್ರದ ಗಾಡಿ ತರಿಸಿ. ಗುಂಡಿ ಶುಚಿ ಮಾಡುವವರ ಮನೆಯಲ್ಲೂ ಅವರ ದಾರಿ ಕಾಯುವ ಮಕ್ಕಳಿರುತ್ತಾರೆ.

ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಖುಷಿಪಡುತ್ತೇವೆ. ಚರಂಡಿಗೆ ಬಿಟ್ಟದ್ದು ಹಳ್ಳ ಸೇರಿ, ಹಳ್ಳ ತುಂಗೆಯನ್ನೋ ಭದ್ರೆಯನ್ನೋ ಸೇರುತ್ತದೆ. ನಾವು ಚೆಲ್ಲಿದ ಜಿಡ್ಡು ಆ ಮೀನುಗಳಿಗೂ ತಲುಪಬಹುದು.

ಈ ವಾರದ ಕೆಲಸ: ಸಿಂಕಿಗೂ ಬಚ್ಚಲಿಗೂ ಜಾಲರಿ ಇದೆಯೇ ನೋಡಿ. ಜಿಡ್ಡಿನ ಬಾಣಲೆಯನ್ನು ಹಳೆಯ ಕಾಗದದಿಂದ ಒರೆಸಿಯೇ ತೊಳೆಯಲು ಹಾಕಿ. ಸಿಂಕಿನ ಪಕ್ಕ ಒಂದು ಪುಟ್ಟ ಬಕೆಟ್ ಇಟ್ಟು ಸಿಪ್ಪೆ, ಚರಟವನ್ನು ಅದಕ್ಕೆ ಹಾಕಿ, ಸಂಜೆ ಗಿಡದ ಬುಡಕ್ಕೆ ಸುರಿಯಿರಿ. ಆ ಬಕೆಟ್ಟಿಗೆ ಏನು ಹೆಸರಿಡಬೇಕೆಂದು ಅಜ್ಜಿಗೆ ಗೊತ್ತು.