ತೊಟ್ಟಿಲಿನ ಖರ್ಚು ಯಾರ ಖಾತೆಗೆ?

ಮೇ ತಿಂಗಳ ಕೊನೆಯ ವಾರದಿಂದ ಜೂನ್ ಮಧ್ಯದವರೆಗೆ ಸಣ್ಣ ಕಾರ್ಖಾನೆಗಳ ಮುಂಗಡ ಖಾತೆ ಉಬ್ಬುವುದು ಪ್ರತಿ ವರ್ಷದ ಅನುಭವ. ಶಾಲಾ ಶುಲ್ಕ, ಸಮವಸ್ತ್ರ, ಪುಸ್ತಕ, ವ್ಯಾನಿನ ಬಾಡಿಗೆಗಳಿಗೆಂದು ಕಾರ್ಮಿಕರು ಕೇಳುವ ಹಣವನ್ನು ಮಾಲೀಕರು ಕೊಡುತ್ತಾರೆ, ಸಂಬಳದಲ್ಲಿ ಕಂತಾಗಿ ಹಿಡಿದುಕೊಳ್ಳುತ್ತಾರೆ. ಲೆಕ್ಕ ಅಲ್ಲಿಗೆ ಚುಕ್ತಾ ಆಗುತ್ತದೆ. ಆದರೆ ಮಗು ಶಾಲೆಗೆ ಸೇರುವುದಕ್ಕೆ ಮುಂಚಿನ ಐದಾರು ವರ್ಷಗಳ ಖರ್ಚು ಯಾವ ಖಾತೆಯಲ್ಲಿಯೂ ಕಾಣಿಸುವುದಿಲ್ಲ. ನುರಿತ ಕೆಲಸಗಾರ್ತಿಯೊಬ್ಬರು ಹೆರಿಗೆಯ ನಂತರ ಮರಳಿ ಬಾರದಿದ್ದರೆ ಅದನ್ನು ನಷ್ಟವೆಂದು ಯಾರೂ ಬರೆದಿಡುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಒಂದು ಗೆರೆ ಬೀಳುತ್ತದೆ, ಅಷ್ಟೆ.

ಈ ವಿಷಯದಲ್ಲಿ ಕಾನೂನು ನಡೆದುಬಂದ ದಾರಿ ಉದ್ದಿಮೆದಾರರಿಗೆ ಅಪರಿಚಿತವಲ್ಲ. 1948ರ ಕಾರ್ಖಾನೆಗಳ ಕಾಯಿದೆಯು, 1976ರ ತಿದ್ದುಪಡಿಯ ನಂತರ, 30ಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆ ಶಿಶುಪಾಲನಾ ಕೇಂದ್ರವನ್ನು ನಡೆಸಬೇಕೆಂದಿತ್ತು. ಉದ್ದೇಶ ಒಳ್ಳೆಯದೇ. ಆದರೆ ಮಹಿಳೆಯರ ಸಂಖ್ಯೆಯನ್ನು ಮೂವತ್ತರೊಳಗೆ ಇಟ್ಟುಕೊಂಡವನಿಗೆ ಖರ್ಚು ಉಳಿಯುವಂತಹ ಕಾನೂನು ಅದು. ತಾಯಂದಿರಿಗೆಂದು ಮಾಡಿದ ನಿಯಮವೇ ಅವರನ್ನು ಬಾಗಿಲ ಹೊರಗೆ ನಿಲ್ಲಿಸಲು ಕಾರಣ ಒದಗಿಸಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಈ ದೋಷವನ್ನು ಸರಿಪಡಿಸಿತು. ಸ್ತ್ರೀ ಪುರುಷರೆನ್ನದೆ ಒಟ್ಟು 50 ಉದ್ಯೋಗಿಗಳಿರುವ ಸಂಸ್ಥೆಗೆ ಈ ಹೊಣೆ ಬಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020, ತನ್ನ 67ನೇ ಕಲಮಿನಲ್ಲಿ ಅದನ್ನೇ ಉಳಿಸಿಕೊಂಡು ಮತ್ತೊಂದು ಹೆಜ್ಜೆ ಇಟ್ಟಿದೆ: ಹಲವು ಸಂಸ್ಥೆಗಳು ಹಣ ಕೂಡಿಸಿ ಒಂದೇ ಸಾಮಾನ್ಯ ಕೇಂದ್ರವನ್ನು ನಡೆಸಲು ಸ್ಪಷ್ಟ ಅವಕಾಶವಿದೆ. ಸಣ್ಣ ಉದ್ದಿಮೆಗಳು ಗಮನಿಸಬೇಕಾದುದು ಈ ಅವಕಾಶವನ್ನೇ. ಐವತ್ತರ ಗಡಿಯೊಳಗಿರುವವರು ‘ನಮಗೆ ಅನ್ವಯಿಸದು’ ಎಂದು ಪುಟ ಮಗುಚಿದರೆ ಅದರಿಂದ ಅವರಿಗೇ ನಷ್ಟ.

ಹೆರಿಗೆ ರಜೆಯ 26 ವಾರಗಳ ವೇತನವೇ ದೊಡ್ಡ ಹೊರೆಯೆಂಬುದು ಸಾಮಾನ್ಯ ದೂರು. ಇದು ಬಹುಮಟ್ಟಿಗೆ ತಪ್ಪು ತಿಳಿವಳಿಕೆ. ಇಎಸ್‌ಐ ವ್ಯಾಪ್ತಿಯ ಉದ್ಯೋಗಿಗೆ ಅಗತ್ಯ ವಂತಿಗೆ ಸಂದಾಯವಾಗಿದ್ದಲ್ಲಿ ಆ ಮೊತ್ತವನ್ನು ಭರಿಸುವುದು ನಿಗಮವೇ ಹೊರತು ಮಾಲೀಕನಲ್ಲ. ಅದಕ್ಕಾಗಿಯೇ 2019ರ ಜುಲೈಯಿಂದ ಶೇ. 3.25ರ ದರದಲ್ಲಿ ಮಾಲೀಕನ ವಂತಿಗೆ ಹೋಗುತ್ತಿರುವುದು. ವೇತನ ಮಿತಿ ಮೀರಿದವರ ವಿಷಯದಲ್ಲಿ ಮಾತ್ರ ಹೊರೆ ಮಾಲೀಕನದು. ನಿಜವಾದ ತೊಡಕು ಇಪ್ಪತ್ತೇಳನೆಯ ವಾರದಲ್ಲಿದೆ. ಆಗ ಮಗುವಿಗೆ ಆರು ತಿಂಗಳೂ ತುಂಬಿರುವುದಿಲ್ಲ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ವರ್ಷ ತುಂಬಿದವರಿಗೆ. ಅದೂ ಸಂಜೆಯ ಪಾಳಿ ಮುಗಿಯುವ ಮುನ್ನವೇ ಬಾಗಿಲು ಹಾಕುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಯಿತು, ದೂರದ ಕಾರ್ಖಾನೆಯೂ ಹತ್ತಿರವಾಯಿತು. ಆದರೆ ಬಸ್ ಹತ್ತುವಾಗ ಕೂಸನ್ನು ಯಾರ ಕೈಗೆ ಕೊಡುವುದು?

ಇದುವರೆಗಿನ ಉತ್ತರ, ಅಜ್ಜಿ. ನಮ್ಮ ಉದ್ದಿಮೆಗಳಿಗೆ ಬಡ್ಡಿಯಿಲ್ಲದ ಬಂಡವಾಳವೆಂದರೆ ಅಜ್ಜಿಯರ ದುಡಿಮೆಯೇ. ಆದರೆ ಅಜ್ಜಿ ಹಳ್ಳಿಯಲ್ಲಿ, ಮಗಳು ಪೀಣ್ಯದಲ್ಲಿ. ಊರಿನಲ್ಲೇ ಇರುವ ಅಜ್ಜಿಯೂ ಹಲವೆಡೆ ಸ್ವತಃ ಕೂಲಿಗೆ ಹೋಗುವವರು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ವೇತನವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ದುಡಿದರೆ ಪುರುಷರು 88 ನಿಮಿಷ. ವರ್ತಕರ ಮನೆಗಳೂ ಇದಕ್ಕೆ ಹೊರತಲ್ಲ. ಬಿ.ಕಾಂ. ಓದಿ ಅಂಗಡಿಯ ಲೆಕ್ಕ ನೋಡುತ್ತಿದ್ದ ಸೊಸೆ ಮಗುವಾದ ಮೇಲೆ ಒಳಮನೆಗೆ ಸರಿಯುತ್ತಾರೆ, ಗುಮಾಸ್ತರೊಬ್ಬರು ಸಂಬಳಕ್ಕೆ ಬರುತ್ತಾರೆ. ಆ ಸಂಬಳವೂ ಶಿಶುಪಾಲನೆಯ ಖರ್ಚೇ ಎಂದು ಯಾರೂ ಬಗೆಯುವುದಿಲ್ಲ.

ಇನ್ನು ಅಂಕಿಗಳ ಮಾತು. ಉದಾಹರಣೆಗೆ, ಒಂದೇ ಕೈಗಾರಿಕಾ ಪ್ರದೇಶದಲ್ಲಿ ತಲಾ 25 ಮಂದಿಯ ಹತ್ತು ಘಟಕಗಳಿದ್ದು, ಎಲ್ಲ ಸೇರಿ ಇಪ್ಪತ್ತು ಮಕ್ಕಳಿದ್ದಾರೆಂದು ಇಟ್ಟುಕೊಳ್ಳೋಣ. ಮೂವರು ಆಯಾಗಳಿಗೆ ರೂ. 60,000, ಬಾಡಿಗೆ 15,000, ಹಾಲು ಮತ್ತು ಊಟಕ್ಕೆ 20,000, ಇತರೆ 15,000. ಒಟ್ಟು ತಿಂಗಳಿಗೆ ರೂ. 1,10,000. ಒಂದು ಘಟಕದ ಪಾಲು 11,000, ವರ್ಷಕ್ಕೆ 1,32,000. ಇನ್ನೊಂದು ಬದಿಯಲ್ಲಿ, ಗಂಟೆಗೆ ರೂ. 300 ದುಡಿಯುವ ಯಂತ್ರಕ್ಕೆ ಹೊಸಬರನ್ನು ತಂದು ಪಳಗಿಸಲು ಮೂರು ತಿಂಗಳು ಹಿಡಿದು, ಆ 600 ಗಂಟೆಗಳಲ್ಲಿ ಅರ್ಧದಷ್ಟು ಕೆಲಸ ಮಾತ್ರ ಹೊರಬಿದ್ದರೆ, ನಷ್ಟ ರೂ. 90,000. ತಿರಸ್ಕೃತ ಮಾಲು ಇದರಲ್ಲಿ ಸೇರಿಲ್ಲ. ವರ್ಷಕ್ಕೆ ಒಬ್ಬ ನುರಿತ ಕೆಲಸಗಾರ್ತಿ ಉಳಿದರೆ ಕೇಂದ್ರದ ಖರ್ಚು ಪೂರ್ತಿ ಹುಟ್ಟದು. ಇಬ್ಬರು ಉಳಿದರೆ ಹುಟ್ಟಿ ಮಿಗುತ್ತದೆ. ಎರಡು ದಿನದಲ್ಲಿ ಕಲಿಸಬಹುದಾದ ಪ್ಯಾಕಿಂಗ್ ಕೆಲಸಕ್ಕೆ ಈ ಲೆಕ್ಕ ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ಹೊಲಿಗೆ, ತಪಾಸಣೆ, ಎಲೆಕ್ಟ್ರಾನಿಕ್ ಜೋಡಣೆ, ಲೆಕ್ಕಪತ್ರ ವಿಭಾಗಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಹಳ್ಳಿಗಳಿಗಾಗಿ ರಾಜ್ಯ ಸರ್ಕಾರ 2023ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಪ್ರಕಟಿಸಿತು. ಪೀಣ್ಯ, ಹುಬ್ಬಳ್ಳಿಯ ತಾರಿಹಾಳ, ಬೆಳಗಾವಿಯ ಉದ್ಯಮಬಾಗ, ಶಿವಮೊಗ್ಗದ ಮಾಚೇನಹಳ್ಳಿಗಳಲ್ಲಿ ಆ ಕೆಲಸಕ್ಕೆ ಕೈಗಾರಿಕಾ ಸಂಘಗಳೇ ಮುಂದಾಗಬೇಕು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಬಡಾವಣೆಗಳಲ್ಲಿ ಸೌಲಭ್ಯಗಳಿಗೆಂದು ಮೀಸಲಿಟ್ಟ ನಿವೇಶನವಿದ್ದರೆ ಅದನ್ನು ಕೇಳಬಹುದು. ಕೇಂದ್ರದ ಬಾಗಿಲು ಮೊದಲ ಪಾಳಿಗೆ ಅರ್ಧ ಗಂಟೆ ಮುಂಚೆ ತೆರೆಯಬೇಕು, ಹೆಚ್ಚುವರಿ ದುಡಿಮೆಯ ದಿನಗಳಲ್ಲಿ ತಡವಾಗಿ ಮುಚ್ಚಬೇಕು.

ಖರ್ಚು ಹಂಚುವ ರೀತಿಯಲ್ಲಿ ಮಾತ್ರ ಎಚ್ಚರ ಬೇಕು. ಕಳುಹಿಸುವ ಮಕ್ಕಳ ಲೆಕ್ಕದಲ್ಲಿ ಪಾಲು ಹಾಕಿದರೆ, ಚಿಕ್ಕ ಮಕ್ಕಳಿರುವ ತಾಯಂದಿರನ್ನು ನೇಮಿಸಿಕೊಂಡ ಘಟಕಕ್ಕೇ ಹೆಚ್ಚಿನ ಬಿಲ್ಲು ಬರುತ್ತದೆ. 1948ರ ಕಾಯಿದೆಯ ಹಳೆಯ ದೋಷ ಹಿಂಬಾಗಿಲಿನಿಂದ ಒಳಬರುತ್ತದೆ. ಒಟ್ಟು ಉದ್ಯೋಗಿಗಳ ಸಂಖ್ಯೆಯ ಮೇಲೆ ಹಂಚಿದರೆ ಮೇಲಿನ ಉದಾಹರಣೆಯಲ್ಲಿ ತಲೆಗೆ ತಿಂಗಳಿಗೆ ರೂ. 440 ಬೀಳುತ್ತದೆ, ಮಕ್ಕಳಿದ್ದರೂ ಇಲ್ಲದಿದ್ದರೂ. ಈ ಒಂದು ಷರತ್ತು ಒಪ್ಪಂದ ಪತ್ರದಲ್ಲಿ ಮೊದಲೇ ಸೇರಬೇಕು, ಘಟಕವೊಂದು ನಡುವೆ ಹೊರನಡೆದರೆ ಉಳಿದ ವರ್ಷದ ಪಾಲನ್ನು ಯಾರು ಕೊಡಬೇಕೆಂಬುದರ ಸಮೇತ.