ಸರಾಸರಿ ಮಳೆ ಯಾರ ಹೊಲಕ್ಕೆ?

“ತಾಲ್ಲೂಕಿನಲ್ಲಿ ನಿನ್ನೆ ಸರಾಸರಿ ೨೦ ಮಿಲಿಮೀಟರ್ ಮಳೆಯಾಯಿತು” ಎಂಬ ವರದಿಯನ್ನು ಓದಿದಾಗ ಎಲ್ಲ ಹೊಲಗಳೂ ಸಮನಾಗಿ ನೆನೆದಿರಬೇಕೆಂದು ನಾವು ಭಾವಿಸುತ್ತೇವೆ. ಮುಂಗಾರಿನ ಆರಂಭದಲ್ಲಿ ಬಯಲುಸೀಮೆಯ ಹಳ್ಳಿಯಲ್ಲಿದ್ದವರು ಬಲ್ಲ ಸಂಗತಿ ಬೇರೆ. ಕೆರೆಯ ಈಚೆಯ ಹೊಲ ಬಿತ್ತನೆಗೆ ಹದವಾಗಿರುತ್ತದೆ. ಆಚೆಯ ಹೊಲದಲ್ಲಿ ಧೂಳೇಳುತ್ತಿರುತ್ತದೆ. ಆ ೨೦ ಮಿಲಿಮೀಟರ್ ಮಳೆ ಯಾರೊಬ್ಬರ ಹೊಲದಲ್ಲಿಯೂ ಬಿದ್ದಿರದಿರಬಹುದು!

ಇದಕ್ಕೆ ಕಾರಣವೇನು? ಸಮಶೀತೋಷ್ಣವಲಯದ ನಾಡುಗಳಲ್ಲಿ, ವಿಶೇಷವಾಗಿ ಚಳಿಗಾಲದಲ್ಲಿ, ಬೆಚ್ಚನೆಯ ಗಾಳಿಯೂ ತಣ್ಣನೆಯ ಗಾಳಿಯೂ ಸಂಧಿಸುವೆಡೆಯಲ್ಲಿ ನೂರಾರು ಕಿಲೋಮೀಟರ್ ಉದ್ದದ ಮೋಡದ ಹಾಸು ಕವಿದು ಒಂದೇ ಸಮನೆ ಮಳೆ ಸುರಿಸುತ್ತದೆ. ಉಷ್ಣವಲಯದ ಮಳೆಯಲ್ಲಿ ರಾಶಿಮೋಡಗಳ ಪಾಲು ಹೆಚ್ಚು. ಬಿಸಿಲಿಗೆ ಕಾದ ನೆಲದ ಮೇಲಿನ ತೇವಭರಿತ ಗಾಳಿ ಹಗುರಾಗಿ ಮೇಲೇರುತ್ತದೆ. ಏರಿದಂತೆ ತಣಿದು ಅದರ ಆವಿ ಹನಿಗಟ್ಟುತ್ತದೆ. ಆಗ ಹೊರಬೀಳುವ ಗುಪ್ತೋಷ್ಣವು ಗಾಳಿಯನ್ನು ಇನ್ನಷ್ಟು ಮೇಲಕ್ಕೆ ನೂಕುತ್ತದೆ. ಹೀಗೆ ಬೆಳೆದ ಒಂಟಿ ಗುಡುಗುಮೋಡದ ಅಗಲ ಕೆಲವೇ ಕಿಲೋಮೀಟರ್. ಆಯುಷ್ಯ ಸುಮಾರು ಒಂದು ಗಂಟೆ. ಮಳೆಯೊಡನೆ ಕೆಳಗಿಳಿಯುವ ತಂಪುಗಾಳಿಯೇ ಮೇಲೇರುವ ಗಾಳಿಯನ್ನು ತಡೆದು ಮೋಡವನ್ನು ಕೊನೆಗಾಣಿಸುತ್ತದೆ.

ಬೆಟ್ಟಗಳಿಂದಾಗುವ ಭೇದವೂ ಉಂಟು. ಆಗುಂಬೆಯ ವಾರ್ಷಿಕ ಮಳೆ ಸರಾಸರಿ ೭,೦೦೦ ಮಿಲಿಮೀಟರ್ ಮೀರುತ್ತದೆ. ಅಲ್ಲಿಂದ ಸುಮಾರು ೨೦೦ ಕಿಲೋಮೀಟರ್ ದೂರದ ಚಳ್ಳಕೆರೆಯಲ್ಲಿ ೫೦೦ರ ಆಸುಪಾಸು. ಆದರೆ ಈ ಭೇದ ಸ್ಥಿರವಾದುದು, ನಕ್ಷೆಯಲ್ಲಿ ಬರೆದಿಡಬಹುದಾದುದು. ಮೋಡಗಳ ಭೇದವಾದರೋ ದಿನದಿನಕ್ಕೆ ಬದಲಾಗುತ್ತದೆ. ೨೦೦೫ರ ಜುಲೈ ೨೬ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರ್ ಮಳೆ ಸುರಿಯಿತು. ಅದೇ ನಗರದ ಕೊಲಾಬಾದಲ್ಲಿ ದಾಖಲಾದುದು ಕೇವಲ ೭೩. ಇವುಗಳ ಸರಾಸರಿ ತೆಗೆದರೆ ಯಾರಿಗೆ ಏನು ತಿಳಿದೀತು?

ಕಾಲದ ವಿಷಯವೂ ಹೀಗೆಯೇ. ೫೦ ಮಿಲಿಮೀಟರ್ ಮಳೆ ಇಡೀ ದಿನ ಬಿದ್ದರೆ ನೆಲ ಅದನ್ನು ಬಹುಮಟ್ಟಿಗೆ ಕುಡಿಯುತ್ತದೆ. ಅರ್ಧ ಗಂಟೆಯಲ್ಲಿ ಸುರಿದರೆ ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ. ದಿನದ ಲೆಕ್ಕದಲ್ಲಿ ಎರಡೂ ಒಂದೇ.

ಇದು ಬರಿಯ ಪಾಠದ ವಿಷಯವಲ್ಲ. ಬರಪೀಡಿತ ತಾಲ್ಲೂಕುಗಳ ಘೋಷಣೆಯಲ್ಲಿಯೂ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿಯೂ ಮಳೆಯ ಅಂಕಿಗಳಿಗೆ ಬೆಲೆಯುಂಟು. ಮಳೆಮಾಪಕವಿರುವ ಊರಿನಲ್ಲಿ ಒಂದು ಹದಮಳೆಯಾಗಿ ತನ್ನೂರಿನಲ್ಲಿ ಆಗದಿದ್ದರೆ, ರೈತನ ಪೈರು ಒಣಗಿದರೂ ಕಾಗದದಲ್ಲಿ ಅದು ನೆನೆದಿರುತ್ತದೆ. ೨೫ ಮಿಲಿಮೀಟರ್ ಮಳೆಯೆಂದರೆ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು. ಆತ ಕಳೆದುಕೊಂಡುದು ಅಷ್ಟು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿರುವುದು ಶ್ಲಾಘ್ಯ. ಆದರೂ ಒಂದೊಂದರ ಪಾಲಿಗೆ ಸುಮಾರು ೩೦ ಚದರ ಕಿಲೋಮೀಟರ್ ನೆಲ ಬರುತ್ತದೆ. ಮೋಡ ಇದಕ್ಕಿಂತ ಚಿಕ್ಕದಾಗಿರಬಹುದು. ರೇಡಾರ್ ಇದೆಯಲ್ಲ ಎಂದು ಕೆಲವರು ಕೇಳಬಹುದು. ರೇಡಾರ್ ಅಳೆಯುವುದು ಆಕಾಶದಲ್ಲಿರುವ ಹನಿಗಳಿಂದ ಮರಳುವ ಅಲೆಗಳನ್ನು. ಅದರ ಲೆಕ್ಕವನ್ನು ನೆಲದ ಅಳತೆಯೊಡನೆ ತಾಳೆ ನೋಡಲೇಬೇಕು.

ಆದುದರಿಂದ ಪ್ರತಿಯೊಂದು ಪ್ರೌಢಶಾಲೆಯೂ ಒಂದು ಮಳೆಮಾಪಕವನ್ನು ಇಡಬೇಕೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ನೇರ ಗೋಡೆಯ, ಸಮತಳದ ಪಾತ್ರೆಯೊಂದು ಸಾಕು. ಅದರಲ್ಲಿ ನಿಂತ ನೀರಿನ ಎತ್ತರವೇ ಮಳೆಯ ಅಳತೆ. ಮರ, ಕಟ್ಟಡಗಳಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರದ ಬಯಲಿನಲ್ಲಿ ಅದನ್ನಿಡಿರಿ. ಪ್ರತಿದಿನ ಬೆಳಗ್ಗೆ ೮-೩೦ಕ್ಕೆ ಅಳೆದು, ಮಳೆ ಆರಂಭವಾದ ಮತ್ತು ನಿಂತ ಹೊತ್ತುಗಳೊಡನೆ ಬರೆದಿಡಿರಿ. ಮಳೆಯಿಲ್ಲದ ದಿನ ಸೊನ್ನೆ ಬರೆಯಲು ಮರೆಯಬೇಡಿರಿ. ನೆರೆಯೂರಿನ ಶಾಲೆಯ ಪುಸ್ತಕದೊಡನೆ ತಿಂಗಳಿಗೊಮ್ಮೆ ಹೋಲಿಸಿ ನೋಡಿರಿ. ಮುಂದೆಂದಾದರೂ ನಿಮ್ಮೂರಿನ ರೈತನು “ನಮ್ಮಲ್ಲಿ ಮಳೆಯಾಗಲಿಲ್ಲ” ಎಂದಾಗ, ಆ ಮಾತಿಗೆ ಆಧಾರವಾಗಿ ತೋರಿಸಲು ಒಂದು ಪುಸ್ತಕವಾದರೂ ಇರಲಿ.